ಕಾರಿನ ಪಿ.ಯು.ಸಿ.

ನಮ್ಮ ಮನೆತನದಲ್ಲಿ ಪಿ.ಯು.ಸಿ. ಪರೀಕ್ಷೆಗೆ ಕುಳಿತು ಪಾಸಾದವರಲ್ಲಿ ನಾನೇ ಮೊದಲನೆಯವನು. ಅಣ್ಣನು ಹತ್ತನೆಯ ತರಗತಿಯನ್ನು ಮುಗಿಸಿದ ವರ್ಷವೇ ತಂದೆಯವರು ಫರಸಿ ಕಲ್ಲಿನ ಗಣಿಯಲ್ಲಿ ದುಡಿಯಲಾರದೆ ಮನೆ ಹಿಡಿದರು. ಅವನು ಪುಸ್ತಕವನ್ನು ಕೆಳಗಿಟ್ಟು ಸ್ಟೀಯರಿಂಗ್ ಹಿಡಿದನು. ಆದರೆ ವಿಧಿಯ ವಿನೋದವನ್ನು ನೋಡಿರಿ: ಪಿ.ಯು.ಸಿ. ಓದದ ಅಣ್ಣನಿಗೂ ವರ್ಷಕ್ಕೊಮ್ಮೆ ಪಿ.ಯು.ಸಿ. ತಪ್ಪಲಿಲ್ಲ! ಅದು ಅವನ ಹಳದಿ ಬೋರ್ಡಿನ ಕಾರು ಕೂಡುವ ಪರೀಕ್ಷೆ. 'ಪೊಲ್ಯೂಷನ್ ಅಂಡರ್ ಕಂಟ್ರೋಲ್', ಎಂದರೆ ಮಾಲಿನ್ಯವು ಹತೋಟಿಯಲ್ಲಿದೆ ಎಂಬ ಪ್ರಮಾಣಪತ್ರಕ್ಕಾಗಿ ನಡೆಯುವ ಹೊಗೆಯ ತಪಾಸಣೆ. ಹಿಂದಿನ ವರ್ಷಗಳಲ್ಲಿ ಕಾರು ಸುಲಭವಾಗಿ ಪಾಸಾಗುತ್ತಿತ್ತು. ಕಳೆದ ಡಿಸೆಂಬರಿನಲ್ಲಿ ನಪಾಸಾಯಿತು.

ಆ ನಪಾಸಿನಿಂದ ನಾವು ಕಲಿತುದನ್ನು ಇಲ್ಲಿ ಬರೆಯಲು ಯತ್ನಿಸಿದ್ದೇನೆ. ನಾನು ಕಲಾ ವಿಭಾಗದ ವಿದ್ಯಾರ್ಥಿ. ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಇವು ನನ್ನ ವಿಷಯಗಳು. ರಸಾಯನಶಾಸ್ತ್ರವನ್ನು ಕುರಿತು ಬರೆಯಲು ನನಗೇನು ಅಧಿಕಾರವೆಂದು ವಾಚಕರು ಕೇಳಬಹುದು. ಹೊಟ್ಟೆಯ ಪಾಡು ಕಲಿಸಿದ ರಸಾಯನಶಾಸ್ತ್ರವಿದು ಎಂಬುದೇ ನನ್ನ ಉತ್ತರ. ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕಡೆಯಿಂದ ಬರುವ ಸಹಪಾಠಿಗಳಲ್ಲಿ ಅನೇಕರ ಮನೆಯಲ್ಲಿ ಒಂದು ಕಾರೋ ಆಟೋವೋ ಮೋಟಾರು ಸೈಕಲ್ಲೋ ಇದ್ದೇ ಇದೆ. ಅವರಲ್ಲಿ ಒಬ್ಬರಿಗಾದರೂ ಇದು ಉಪಯೋಗವಾದರೆ ಈ ಶ್ರಮ ಸಾರ್ಥಕ.

ಪರೀಕ್ಷೆಯೆಂದರೇನು?

ಕೇಂದ್ರ ಮೋಟಾರು ವಾಹನ ನಿಯಮಗಳು, 1989, ಇವುಗಳಲ್ಲಿ 115ನೆಯ ನಿಯಮವು ವಾಹನದ ಹೊಗೆಗೆ ಮಿತಿಯನ್ನು ಹಾಕಿದೆ. ಹೊಸ ವಾಹನಕ್ಕೆ ನೋಂದಣಿಯಾದ ಮೊದಲ ವರ್ಷ ಈ ಪ್ರಮಾಣಪತ್ರ ಬೇಡ. ಆಮೇಲೆ ಹಳೆಯ ವಾಹನಗಳಿಗೆ ಆರು ತಿಂಗಳಿಗೊಮ್ಮೆ, ಬಿ.ಎಸ್.-4 ಮತ್ತು ಬಿ.ಎಸ್.-6 ವಾಹನಗಳಿಗೆ ವರ್ಷಕ್ಕೊಮ್ಮೆ ತಪಾಸಣೆಯಾಗಬೇಕು. ಬಿ.ಎಸ್. ಎಂದರೆ ಭಾರತ್ ಸ್ಟೇಜ್. ಹೊಗೆಯ ಬಗ್ಗೆ ಸರ್ಕಾರ ಹಂತಹಂತವಾಗಿ ಬಿಗಿಗೊಳಿಸುತ್ತ ಬಂದ ಕಟ್ಟಳೆಗಳು. ಬಿ.ಎಸ್.-4 ದೇಶದಲ್ಲೆಲ್ಲ 2017ರ ಏಪ್ರಿಲ್‌ನಿಂದಲೂ ಬಿ.ಎಸ್.-6 2020ರ ಏಪ್ರಿಲ್‌ನಿಂದಲೂ ಜಾರಿಗೆ ಬಂದವು. ನಡುವಿನ ಐದನೆಯ ಮೆಟ್ಟಿಲನ್ನು ನಮ್ಮ ದೇಶ ಹಾರಿಯೇ ಬಿಟ್ಟಿತು. ಅಣ್ಣನ ಕಾರು 2018ರದು, ಎರಡನೆಯ ಕೈಯಿಂದ ಕೊಂಡದ್ದು. ಆದುದರಿಂದ ಅದು ನಾಲ್ಕನೆಯ ತರಗತಿಯ ವಿದ್ಯಾರ್ಥಿ.

ತಪಾಸಣೆಯ ಕ್ರಮ ಸರಳವಾದುದು. ಎಂಜಿನ್ ನಡೆಯುತ್ತಿರುವಾಗ ಹಿಂದಿನ ಹೊಗೆ ಕೊಳವೆಯೊಳಗೆ ಒಂದು ನಳಿಗೆಯನ್ನು ತೂರಿಸುತ್ತಾರೆ. ಅನಿಲವು ಯಂತ್ರದೊಳಗೆ ಹರಿಯುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಅದರ ಮೂಲಕ ಹಾಯಿಸಿದಾಗ ಇಂಗಾಲದ ಮಾನಾಕ್ಸೈಡು ಒಂದು ಬಗೆಯ ಕಿರಣವನ್ನೂ, ಉರಿಯದೆ ಉಳಿದ ಪೆಟ್ರೋಲಿನ ಆವಿ ಮತ್ತೊಂದು ಬಗೆಯದನ್ನೂ ಹೀರಿಕೊಳ್ಳುತ್ತವೆ. ಎಷ್ಟು ಹೀರಿದವೆಂಬುದರಿಂದ ಅವು ಎಷ್ಟಿವೆಯೆಂದು ಯಂತ್ರ ಲೆಕ್ಕ ಹಾಕುತ್ತದೆ. ಬಿ.ಎಸ್.-4 ಪೆಟ್ರೋಲ್ ಕಾರು ನಿಂತಲ್ಲೇ ಮೆಲ್ಲಗೆ ಓಡುತ್ತಿರುವಾಗ ಮಾನಾಕ್ಸೈಡು ಶೇಕಡಾ 0.3ನ್ನು ಮೀರಕೂಡದು. ಉರಿಯದ ಆವಿ, ಅಂದರೆ ಹೈಡ್ರೋಕಾರ್ಬನ್, 200 ಪಿ.ಪಿ.ಎಂ., ಎಂದರೆ ಹತ್ತು ಲಕ್ಷ ಪಾಲಿನಲ್ಲಿ 200 ಪಾಲನ್ನು ಮೀರಕೂಡದು. ಬಳಿಕ ಎಂಜಿನನ್ನು ನಿಮಿಷಕ್ಕೆ ಸುಮಾರು 2500 ಸುತ್ತಿಗೆ ಏರಿಸುತ್ತಾರೆ. ಆಗ ಮಾನಾಕ್ಸೈಡು 0.2ರೊಳಗೂ, 'ಲ್ಯಾಂಬ್ಡಾ' ಎಂಬ ಅಂಕಿ 0.97ರಿಂದ 1.03ರೊಳಗೂ ಇರಬೇಕು. ಲ್ಯಾಂಬ್ಡಾ ಎಂದರೆ ಗಾಳಿ ಮತ್ತು ಪೆಟ್ರೋಲಿನ ಸಮತೋಲ. ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಇದ್ದರೆ ಲ್ಯಾಂಬ್ಡಾ ಒಂದು. ಗಾಳಿ ಹೆಚ್ಚಾದರೆ ಒಂದಕ್ಕಿಂತ ಮೇಲೆ, ಪೆಟ್ರೋಲ್ ಹೆಚ್ಚಾದರೆ ಒಂದಕ್ಕಿಂತ ಕೆಳಗೆ.

ನಮ್ಮ ಕಾರಿನ ಅಂಕಪಟ್ಟಿ ಹೀಗಿತ್ತು: ಮಾನಾಕ್ಸೈಡು 0.92, ಹೈಡ್ರೋಕಾರ್ಬನ್ 870, ಲ್ಯಾಂಬ್ಡಾ 1.09. ಮೂರು ವಿಷಯಗಳಲ್ಲಿಯೂ ನಪಾಸು!

ಅಣ್ಣನಿಗೆ ನಂಬಿಕೆಯಾಗಲಿಲ್ಲ. "ತಮ್ಮಾ, ಹೊಗಿನೇ ಕಾಣ್ಸಲ್ಲ, ಫೇಲ್ ಅಂತಾರಲ್ಲೋ!" ಎಂದನು. ಅವನ ಮಾತಿನಲ್ಲಿ ತಪ್ಪಿಲ್ಲ, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಆದರೆ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಕಾಣದ ಹೊಗೆಯೇ ಹೆಚ್ಚು ಕೆಟ್ಟದು.

ನಡುವಿನ ಡಬ್ಬಿ

ತಪಾಸಣೆಯವರು ನಮಗೆ ಒಂದು ತಿರಸ್ಕಾರದ ಚೀಟಿಯನ್ನು ಕೊಟ್ಟರು. 2021ರಿಂದ ದೇಶದಲ್ಲೆಲ್ಲ ಒಂದೇ ನಮೂನೆಯ ಪ್ರಮಾಣಪತ್ರ ಬಂದಾಗ ಈ ಚೀಟಿಯೂ ಬಂದಿತು. ಅದನ್ನು ಹಿಡಿದುಕೊಂಡು ಒಂದು ಗ್ಯಾರೇಜಿಗೆ ಹೋದೆವು. ಅಲ್ಲಿಯವರು ಕಾರಿನ ಗಣಕಕ್ಕೆ ತಂತಿ ಜೋಡಿಸಿ, "ಪಿ 0420 ಕೋಡ್ ಬಂದಿದೆ. ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ. ಹೊಸದಕ್ಕೆ ಮೂವತ್ತನಾಲ್ಕು ಸಾವಿರ" ಎಂದರು. ಅಣ್ಣನ ಮುಖ ಬಿಳಿಚಿತು. ಅದು ನಮ್ಮ ಮನೆಯ ನಾಲ್ಕು ತಿಂಗಳ ಖರ್ಚು.

ಈ ಕನ್ವರ್ಟರ್ ಎಂದರೇನು? ಕನ್ನಡದಲ್ಲಿ ವೇಗವರ್ಧಕ ಪರಿವರ್ತಕ ಎನ್ನಬಹುದು. ಇನ್ನು ಮುಂದೆ ಪರಿವರ್ತಕವೆಂದೇ ಕರೆಯುತ್ತೇನೆ. ಎಂಜಿನ್ನಿನಿಂದ ಹಿಂದಿನ ಕೊಳವೆಯವರೆಗೆ ಹೋಗುವ ಹೊಗೆಯ ದಾರಿಯಲ್ಲಿ, ಎಂಜಿನ್ನಿನ ಸಮೀಪದಲ್ಲಿ, ಉಕ್ಕಿನ ಒಂದು ಡಬ್ಬಿ ಇರುತ್ತದೆ. ಅದರೊಳಗೆ ಸೆರಾಮಿಕ್ಕಿನಿಂದ ಮಾಡಿದ ಜೇನುಗೂಡಿನಂಥ ಇಟ್ಟಿಗೆ. ಒಂದು ಚದರ ಅಂಗುಲದಲ್ಲಿ ಸಾಮಾನ್ಯವಾಗಿ 400ರಷ್ಟು ಸಣ್ಣ ರಂಧ್ರಗಳು. ಆ ರಂಧ್ರಗಳ ಗೋಡೆಗೆ ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಅತಿ ತೆಳುವಾದ ಲೇಪ. ಒಟ್ಟು ತೂಕ ಕೆಲವೇ ಗ್ರಾಂ.

ಈ ಲೋಹಗಳು ಮಾಡುವ ಕೆಲಸ ದಲಾಲಿಯದು. ತೊಗರಿಯ ಮಾರುಕಟ್ಟೆಯಲ್ಲಿ ಮಾರುವವನನ್ನೂ ಕೊಳ್ಳುವವನನ್ನೂ ದಲಾಲನು ಕೂಡಿಸುತ್ತಾನಲ್ಲವೆ? ಹಾಗೆಯೇ ಇವು ಮಾನಾಕ್ಸೈಡನ್ನು ಆಮ್ಲಜನಕದೊಡನೆ ಕೂಡಿಸಿ ಇಂಗಾಲದ ಡೈಆಕ್ಸೈಡು ಮಾಡುತ್ತವೆ. ಉರಿಯದ ಪೆಟ್ರೋಲಿನ ಆವಿಯನ್ನು ಉರಿಸಿ ನೀರಾವಿ ಮತ್ತು ಡೈಆಕ್ಸೈಡು ಮಾಡುತ್ತವೆ. ಸಾರಜನಕದ ಆಕ್ಸೈಡುಗಳನ್ನು ಬಿಡಿಸಿ ಮರಳಿ ಸಾರಜನಕ ಮಾಡುತ್ತವೆ. ಮೂರು ಕೆಲಸ ಮಾಡುವುದರಿಂದ ಇದಕ್ಕೆ ತ್ರಿಮುಖ ಪರಿವರ್ತಕವೆಂದು ಹೆಸರು. ನಮ್ಮ ದಲಾಲನು ಕಮಿಷನ್ ಇಟ್ಟುಕೊಳ್ಳುತ್ತಾನೆ. ವೇಗವರ್ಧಕವು ತನಗಾಗಿ ಏನನ್ನೂ ಇಟ್ಟುಕೊಳ್ಳುವುದಿಲ್ಲ, ತಾನು ಸವೆಯುವುದೂ ಇಲ್ಲ. ಇಷ್ಟೇ ವ್ಯತ್ಯಾಸ.

ಆದರೆ ಎರಡು ಷರತ್ತುಗಳುಂಟು. ಒಂದು, ಅದು ಕಾಯಬೇಕು. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುವವರೆಗೆ ಅದು ನಿದ್ರಿಸುತ್ತಿರುತ್ತದೆ. ಎರಡು, ಗಾಳಿ ಮತ್ತು ಪೆಟ್ರೋಲಿನ ಸಮತೋಲ ಸರಿಯಾಗಿರಬೇಕು. ಈ ಸಮತೋಲವನ್ನು ಕಾಯಲು ಡಬ್ಬಿಯ ಮುಂದೆ ಒಂದು ಆಮ್ಲಜನಕ ಸಂವೇದಕ, ಅದರ ಕೆಲಸವನ್ನು ನೋಡಲು ಹಿಂದೆ ಇನ್ನೊಂದು ಸಂವೇದಕ ಇರುತ್ತವೆ.

ಸ್ವಲ್ಪ ಇತಿಹಾಸ

ಇತಿಹಾಸದ ವಿದ್ಯಾರ್ಥಿಯಾದುದರಿಂದ ಎರಡು ಮಾತು ಹೇಳದೆ ಇರಲಾರೆ. ಅಮೆರಿಕದ ಲಾಸ್ ಏಂಜಲೀಸ್ ನಗರವನ್ನು ಹೊಗೆಮಂಜು ಕವಿಯುತ್ತಿದ್ದ ಕಾಲದಲ್ಲಿ, ಅಮೆರಿಕದಲ್ಲಿ ನೆಲೆಸಿದ್ದ ಫ್ರೆಂಚ್ ಎಂಜಿನಿಯರ್ ಯೂಜೀನ್ ಹೂಡ್ರಿ ಎಂಬಾತನು ಮೋಟಾರಿನ ಹೊಗೆಗೆ ಪರಿವರ್ತಕವನ್ನು ರೂಪಿಸಿ 1956ರಲ್ಲಿ ಪೇಟೆಂಟ್ ಪಡೆದನು. ಆದರೆ ಅದು ಬಳಕೆಗೆ ಬರಲಿಲ್ಲ. ಕಾರಣ ಸೀಸ. 1921ರಲ್ಲಿ ಥಾಮಸ್ ಮಿಜ್ಲಿ ಎಂಬಾತನು ಪೆಟ್ರೋಲಿಗೆ ಸೀಸದ ಸಂಯುಕ್ತವನ್ನು ಬೆರೆಸಿದರೆ ಎಂಜಿನ್ ಬಡಿಯುವುದಿಲ್ಲವೆಂದು ಕಂಡುಹಿಡಿದಿದ್ದನು. ಅಂದಿನಿಂದ ಜಗತ್ತೆಲ್ಲ ಸೀಸದ ಪೆಟ್ರೋಲು. ಆ ಸೀಸವು ಪ್ಲಾಟಿನಮ್ಮಿನ ಮೇಲೆ ಕುಳಿತು ಅದನ್ನು ಕುರುಡುಗೊಳಿಸುತ್ತಿತ್ತು. ಅಮೆರಿಕದಲ್ಲಿ ಸೀಸವಿಲ್ಲದ ಪೆಟ್ರೋಲ್ ಬಂದ ಮೇಲೆಯೇ, 1975ರ ಮಾದರಿಯ ಕಾರುಗಳಿಂದ, ಪರಿವರ್ತಕವು ವ್ಯಾಪಕವಾಗಿ ಬಳಕೆಗೆ ಬಂದಿತು.

ನಮ್ಮ ದೇಶದಲ್ಲಿ 1995ರ ಏಪ್ರಿಲ್ 1ರಿಂದ ದೆಹಲಿ, ಮುಂಬಯಿ, ಕಲ್ಕತ್ತೆ, ಮದರಾಸು ಈ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಪರಿವರ್ತಕವನ್ನು ಕಡ್ಡಾಯ ಮಾಡಿದರು. ಅಲ್ಲಿ ಸೀಸರಹಿತ ಪೆಟ್ರೋಲನ್ನೂ ಒದಗಿಸಿದರು. ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಮಾತ್ರವೇ ದೊರೆಯುವಂತಾದುದು 2000ದ ಫೆಬ್ರವರಿ 1ರಿಂದ. ಜಗತ್ತಿನಲ್ಲಿ ಕಟ್ಟಕಡೆಗೆ ಸೀಸದ ಪೆಟ್ರೋಲನ್ನು ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ನೂರು ವರ್ಷ ಹಿಡಿಯಿತು! ಈ ಇತಿಹಾಸದ ಪಾಠವೇನೆಂದರೆ, ಪರಿವರ್ತಕವು ತಾನಾಗಿ ಸಾಯುವುದು ಅಪರೂಪ. ಮೇಲಿನಿಂದ ಹರಿದು ಬರುವುದು ಅದನ್ನು ಕೊಲ್ಲುತ್ತದೆ.

ಕೊಂದವರು ಯಾರು?

ಈ ಕೊನೆಯ ಮಾತನ್ನು ನನಗೆ ಹೇಳಿಕೊಟ್ಟವರು ಶಹಾಬಾದದ ಒಬ್ಬ ಹಿರಿಯ ಮಿಸ್ತ್ರಿ. ಮೂವತ್ತನಾಲ್ಕು ಸಾವಿರದ ಮಾತು ಕೇಳಿ ಕಂಗಾಲಾದ ಅಣ್ಣನು, ಎರಡನೆಯ ಅಭಿಪ್ರಾಯ ಕೇಳೋಣವೆಂದು ನನ್ನನ್ನು ಕರೆದುಕೊಂಡು ಅಲ್ಲಿಗೆ ಹೋದನು. ಮಿಸ್ತ್ರಿಯು ಕಾರಿಗಿಂತ ಮೊದಲು ಚೀಟಿಯನ್ನು ಕೇಳಿದರು. ಕನ್ನಡಕ ಹಾಕಿಕೊಂಡು ಓದಿ, "ಇದು ಫೇಲಾದ ಚೀಟಿ ಅಲ್ರೀ, ಡಾಕ್ಟರ ರಿಪೋರ್ಟ್ ಇದು" ಎಂದರು. ಅವರು ವಿವರಿಸಿದ ರೀತಿಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಮಾನಾಕ್ಸೈಡು ಹೆಚ್ಚಿದ್ದು ಲ್ಯಾಂಬ್ಡಾ ಒಂದಕ್ಕಿಂತ ಕೆಳಗಿದ್ದರೆ, ಎಂಜಿನ್ ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಕುಡಿಯುತ್ತಿದೆ. ಸಂವೇದಕವನ್ನೋ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರನ್ನೋ ನೋಡಬೇಕು. ಹೈಡ್ರೋಕಾರ್ಬನ್ ವಿಪರೀತ ಹೆಚ್ಚಿದ್ದು ಲ್ಯಾಂಬ್ಡಾ ಒಂದಕ್ಕಿಂತ ಮೇಲಿದ್ದರೆ, ಒಂದು ಸಿಲಿಂಡರಿನಲ್ಲಿ ಕಿಡಿ ಹೊತ್ತುತ್ತಿಲ್ಲ. ಪೆಟ್ರೋಲೂ ಗಾಳಿಯೂ ಉರಿಯದೆ ಹಾಗೆಯೇ ಹೊರಬೀಳುತ್ತಿವೆ. ಹೊಗೆ ಕೊಳವೆಯಲ್ಲಿ ತೂತಿದ್ದರೂ ಹೊರಗಿನ ಗಾಳಿ ಸೇರಿ ಲ್ಯಾಂಬ್ಡಾ ಏರುತ್ತದೆ. ಆದರೆ ಅದೊಂದರಿಂದಲೇ ಹೈಡ್ರೋಕಾರ್ಬನ್ ಇಷ್ಟು ಏರದು. ಸಮತೋಲ ಸರಿಯಾಗಿದ್ದು, ಎಲ್ಲ ಸಿಲಿಂಡರುಗಳೂ ಉರಿಯುತ್ತಿದ್ದು, ಆದರೂ ಎರಡು ಅಂಕಿಗಳು ಮಿತಿಯ ಮೇಲೆಯೇ ನಿಂತರೆ, ಆಗ ಮಾತ್ರ ಪರಿವರ್ತಕದ ಮೇಲೆ ಬೆರಳು ತೋರಿಸಬಹುದು.

ನಮ್ಮ ಚೀಟಿಯಲ್ಲಿ ಹೈಡ್ರೋಕಾರ್ಬನ್ 870, ಲ್ಯಾಂಬ್ಡಾ 1.09. ಎರಡನೆಯ ಬಗೆ! ಮಿಸ್ತ್ರಿಯು ತಮ್ಮ ಯಂತ್ರ ಜೋಡಿಸಿದಾಗ ಪಿ 0420ರ ಜೊತೆಗೆ ಪಿ 0302 ಎಂಬ ಕೋಡೂ ಇತ್ತು. ಎಂದರೆ ಎರಡನೆಯ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ. ಪಿ 0420 ಎಂಬುದು ಪರಿವರ್ತಕದ ಕೆಲಸ ಕುಗ್ಗಿದೆ ಎಂಬ ದೂರು ಮಾತ್ರ. ಯಾಕೆ ಕುಗ್ಗಿತೆಂದು ಅದು ಹೇಳುವುದಿಲ್ಲ. ದೂರು ಕೊಟ್ಟವನನ್ನೇ ಅಪರಾಧಿಯೆಂದು ಹಿಡಿದರೆ ಹೇಗೆ?

ಆಮೇಲೆ ಮಿಸ್ತ್ರಿಯು ಅಣ್ಣನ ಕಡೆ ತಿರುಗಿ, "ಎಂಜಿನ್ ದೀಪ ಮಿಣುಕ್ ಮಿಣುಕ್ ಅಂತಿತ್ತೇನು?" ಎಂದು ಕೇಳಿದರು. ಅಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೌದ್ರಿ, ತಿಂಗಳ ಹಿಂದ" ಎಂದನು.

ಇದು ಎಲ್ಲರೂ ನೆನಪಿಡಬೇಕಾದ ವಿಷಯ. ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಸ್ಥಿರವಾಗಿ ಉರಿದರೆ, ಬೇಗನೆ ತೋರಿಸಿಕೊಳ್ಳಿ ಎಂದರ್ಥ. ಅದು ಮಿನುಗಿದರೆ, ಇದೀಗಲೇ ಪರಿವರ್ತಕ ಹಾಳಾಗುತ್ತಿದೆ, ವೇಗ ತಗ್ಗಿಸಿ ನಿಲ್ಲಿಸಿ ಎಂದರ್ಥ. ಉರಿಯದ ಪೆಟ್ರೋಲು ಡಬ್ಬಿಯೊಳಗೆ ಹೋಗಿ ಅಲ್ಲಿ ಉರಿಯತೊಡಗಿದಾಗ ಅದು ನಿಗಿನಿಗಿ ಕೆಂಡವಾಗುತ್ತದೆ. ಲೋಹದ ಲೇಪ ಕೆಡುತ್ತದೆ. ತೀರ ಹೆಚ್ಚಾದರೆ ಸೆರಾಮಿಕ್ಕಿನ ಇಟ್ಟಿಗೆಯೇ ಕರಗುತ್ತದೆ.

ಅಣ್ಣನು ಆಗಲೇ ಯಾಕೆ ತೋರಿಸಲಿಲ್ಲವೆಂದು ಮರಳಿ ಬರುವಾಗ ನಾನು ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆನು. ಅವನು ರಸ್ತೆಯನ್ನೇ ನೋಡುತ್ತ, "ಆ ತಿಂಗಳ ನಿನ್ನ ಪರೀಕ್ಷಾ ಫೀ ತುಂಬೂದಿತ್ತಲ್ಲ" ಎಂದನು. ಮಳಖೇಡ ದಾಟುವವರೆಗೆ ನಾನು ಮತ್ತೆ ಮಾತಾಡಲಿಲ್ಲ.

ತಪಾಸಣೆಯ ಸರದಿ

ಪರಿವರ್ತಕವನ್ನು ಕೊಳ್ಳುವ ಮೊದಲು ಏನೇನು ನೋಡಬೇಕೆಂಬುದನ್ನು ಮಿಸ್ತ್ರಿಯು ಮಾಡಿದ ಸರದಿಯಲ್ಲಿಯೇ ಬರೆಯುತ್ತೇನೆ. ಕಡಿಮೆ ಖರ್ಚಿನದು ಮೊದಲು, ಹೆಚ್ಚಿನದು ಕೊನೆಗೆ.

ಮೊದಲನೆಯದು ಕಿಡಿ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ ನೋಡಬೇಕು. ಎರಡನೆಯ ಸಿಲಿಂಡರಿನ ಇಗ್ನಿಷನ್ ಕಾಯಿಲನ್ನು ಮೂರನೆಯದಕ್ಕೆ ಹಾಕಿ ನೋಡಿದರು. ದೋಷವೂ ಅದರೊಂದಿಗೆ ಮೂರನೆಯದಕ್ಕೆ ಹೋಯಿತು, ಕೋಡು ಪಿ 0303 ಆಯಿತು. ಕಾಯಿಲೇ ಕೆಟ್ಟಿದೆಯೆಂದು ಇದರಿಂದ ಖಚಿತವಾಯಿತು. ದುಡ್ಡು ಕಾಸಿಲ್ಲದ ಎಂಥ ಸೊಗಸಾದ ಪ್ರಯೋಗ!

ಎರಡನೆಯದು ಗಾಳಿ. ನಮ್ಮ ಸೀಮೆಯ ಧೂಳು ಸಾಮಾನ್ಯದಲ್ಲ. ಸಿಮೆಂಟಿನದು, ಫರಸಿ ಕಲ್ಲಿನದು, ಎರೆಮಣ್ಣಿನದು ಮೂರೂ ಕೂಡಿದ್ದು. ಗಾಳಿಯ ಫಿಲ್ಟರ್ ಹರಿದಿದ್ದರೆ ಈ ಧೂಳು ಒಳಹೊಕ್ಕು ಸಿಲಿಂಡರನ್ನೂ ಪಿಸ್ಟನ್ನಿನ ಬಳೆಗಳನ್ನೂ ಸವೆಸುತ್ತದೆ. ಆಗ ಆಯಿಲ್ ಮೇಲೇರಿ ಉರಿಯುತ್ತದೆ. ಆಯಿಲಿನಲ್ಲಿರುವ ರಂಜಕ, ಸತುವುಗಳು ಹಿಂದೆ ಸೀಸ ಮಾಡುತ್ತಿದ್ದ ಕೆಲಸವನ್ನೇ ಮಾಡುತ್ತವೆ; ಪರಿವರ್ತಕದ ಮೇಲೆ ಪೊರೆಯಂತೆ ಕೂಡುತ್ತವೆ. ಅಣ್ಣನ ಕಾರು ಆಯಿಲ್ ಕುಡಿಯುತ್ತಿರಲಿಲ್ಲ. ಫಿಲ್ಟರ್ ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಮೂರನೆಯದು ಸೋರಿಕೆ. ಎಂಜಿನ್ ತಣ್ಣಗಿರುವಾಗ ಚಾಲೂ ಮಾಡಿ, ಕೊಳವೆಯ ಬೆಸುಗೆಗಳ ಹತ್ತಿರ ಟಿಕ್ ಟಿಕ್ ಸದ್ದು ಬರುತ್ತದೆಯೇ ಎಂದು ಕೇಳಬೇಕು. ಮುಂದಿನ ಸಂವೇದಕದ ಬಳಿ ಸೋರಿಕೆಯಿದ್ದರೆ ಹೊರಗಿನ ಗಾಳಿ ಸೇರಿ ಸಂವೇದಕ ಮೋಸಹೋಗುತ್ತದೆ. ಗಾಳಿ ಹೆಚ್ಚಾಯಿತೆಂದು ಭ್ರಮಿಸಿ ಗಣಕವು ಪೆಟ್ರೋಲ್ ಸುರಿಯುತ್ತದೆ.

ನಾಲ್ಕನೆಯದು ಸಂವೇದಕಗಳು. ಸಾಮಾನ್ಯ ಬಗೆಯ ಮುಂದಿನ ಸಂವೇದಕದ ವೋಲ್ಟೇಜು 0.1ಕ್ಕೂ 0.9ಕ್ಕೂ ನಡುವೆ ಜೋಕಾಲಿಯಂತೆ ಬೇಗಬೇಗನೆ ಆಡುತ್ತಿರಬೇಕು. ಹಿಂದಿನದು ಸುಮಾರು 0.6ರಿಂದ 0.7ರ ಆಸುಪಾಸಿನಲ್ಲಿ ಶಾಂತವಾಗಿರಬೇಕು. ಹಿಂದಿನದೂ ಮುಂದಿನದರಂತೆಯೇ ಆಡುತ್ತಿದ್ದರೆ, ನಡುವಿನ ಡಬ್ಬಿ ಏನೂ ಕೆಲಸ ಮಾಡುತ್ತಿಲ್ಲವೆಂದು ತಿಳಿಯಬೇಕು.

ಐದನೆಯದು ಡಬ್ಬಿ. ತಣ್ಣಗಾದ ಮೇಲೆ ರಬ್ಬರಿನ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಒಳಗೆ ಗಲಗಲ ಸದ್ದಾದರೆ ಇಟ್ಟಿಗೆ ಒಡೆದಿದೆ. ಚೂರುಗಳು ದಾರಿ ಕಟ್ಟಿದರೆ ಹೊಗೆ ಹೊರಹೋಗಲಾರದೆ ಕಾರು ಏರಿಯಲ್ಲಿ ಏದುಸಿರು ಬಿಡುತ್ತದೆ.

ನಮ್ಮ ಕಾರಿಗೆ ಕಾಯಿಲ್, ಪ್ಲಗ್ಗುಗಳು, ಫಿಲ್ಟರ್ ಎಲ್ಲ ಸೇರಿ ಮೂರು ಸಾವಿರದ ಒಳಗೆ ಖರ್ಚಾಯಿತು. ಎಂಜಿನ್ನಿನ ನಡುಕ ನಿಂತಿತು. ಮಾಲಿನ್ಯ ಯಂತ್ರಕ್ಕೆ ಮತ್ತೊಮ್ಮೆ ಒಡ್ಡಿದಾಗ ಲ್ಯಾಂಬ್ಡಾ 1.01ಕ್ಕೆ ಇಳಿದಿತ್ತು. ಆದರೆ ಹೈಡ್ರೋಕಾರ್ಬನ್ 260, ಮಾನಾಕ್ಸೈಡು 0.55. ಇನ್ನೂ ನಪಾಸು. ಹಿಂದಿನ ಸಂವೇದಕ ಮುಂದಿನದರಂತೆಯೇ ಕುಣಿಯುತ್ತಿತ್ತು. ಡಬ್ಬಿಯನ್ನು ತಟ್ಟಿದಾಗ ಗಲಗಲ ಎಂದಿತು. ಬಿಚ್ಚಿ ಬೆಳಕಿಗೆ ಹಿಡಿದು ನೋಡಿದರೆ, ಜೇನುಗೂಡಿನ ಒಂದು ಪಾರ್ಶ್ವ ಕರಗಿ ಮುದ್ದೆಯಾಗಿತ್ತು.

ಹಾಗಾದರೆ ಮೊದಲಿನ ಗ್ಯಾರೇಜಿನವರ ಮಾತೇ ನಿಜವಾಯಿತಲ್ಲ ಎಂದು ವಾಚಕರು ನಗಬಹುದು. ಅರ್ಧ ಮಾತ್ರ ನಿಜ. ಅವರ ಮಾತು ಕೇಳಿ ಹೊಸ ಪರಿವರ್ತಕವನ್ನು ಹಾಕಿಸಿದ್ದರೆ, ಕೆಟ್ಟ ಕಾಯಿಲು ಅದನ್ನೂ ಸುಟ್ಟುಬಿಡುತ್ತಿತ್ತು. ಮೂವತ್ತನಾಲ್ಕು ಸಾವಿರವೂ ಹೋಗಿ, ದೀಪ ಮತ್ತೆ ಮಿನುಗುತ್ತಿತ್ತು. ಮನೆಯ ಮಾಳಿಗೆ ಸೋರುತ್ತಿರುವಾಗ ಹೊಸ ಕೌದಿ ಹಾಸಿದಂತೆ! ಕೊಂದವನನ್ನು ಮೊದಲು ಹಿಡಿ, ಆಮೇಲೆ ಸತ್ತವನ ಸ್ಥಾನಕ್ಕೆ ಇನ್ನೊಬ್ಬನನ್ನು ತಾ ಎಂಬುದೇ ಇದರ ಸಾರ.

ಎರಡು ಅಡ್ಡದಾರಿಗಳು

ಈ ನಡುವೆ ನಮಗೆ ಎರಡು ಅಡ್ಡದಾರಿಗಳನ್ನು ತೋರಿಸಿದವರೂ ಇದ್ದರು. ಕಷ್ಟದಲ್ಲಿರುವವನಿಗೆ ಅವು ರಾಜಮಾರ್ಗದಂತೆಯೇ ಕಾಣುತ್ತವೆ, ನಮಗೂ ಕಂಡವು.

ಮೊದಲನೆಯದು ಡಬ್ಬಿಯನ್ನು ಟೊಳ್ಳು ಮಾಡುವುದು. "ಒಳಗಿನದನ್ನು ತೆಗೆದು ಹಾಗೆಯೇ ಬೆಸುಗೆ ಹಾಕಿಕೊಡುತ್ತೇವೆ. ನೀವು ದುಡ್ಡು ಕೊಡಬೇಡಿ, ನಾವೇ ಎರಡು ಸಾವಿರ ಕೊಡುತ್ತೇವೆ" ಎಂದು ಒಬ್ಬರು ಹೇಳಿದರು. ಇಷ್ಟು ಔದಾರ್ಯವೇಕೆಂದು ನನಗೆ ಆಗ ತಿಳಿಯಲಿಲ್ಲ. ಆ ಇಟ್ಟಿಗೆಯಲ್ಲಿರುವ ಪ್ಲಾಟಿನಂ ಜಾತಿಯ ಲೋಹಗಳಿಗೆ ಬೆಲೆಯಿದೆ. ಸತ್ತ ಪರಿವರ್ತಕವನ್ನೂ ಗುಜರಿಯವರು ಕೊಂಡು, ಲೋಹ ತೆಗೆಯುವವರಿಗೆ ಮಾರುತ್ತಾರೆ. ಮಾರಿಕೊಳ್ಳುವುದಾದರೆ ಹೊಸದನ್ನು ಹಾಕಿಸಿದ ಮೇಲೆ ಹಳೆಯದನ್ನು ಮಾರಿಕೊಳ್ಳಬಹುದು. ಟೊಳ್ಳು ಡಬ್ಬಿಯಿಂದ ಪರೀಕ್ಷೆಯೂ ಪಾಸಾಗದು. ಸತ್ತ ಪರಿವರ್ತಕವೂ ಟೊಳ್ಳು ಕೊಳವೆಯೂ ಒಂದೇ; ನಮ್ಮ ಎಂಜಿನ್ ಸರಿಯಾದ ಮೇಲೂ ಅಂಕಿಗಳು 260, 0.55 ಎಂದೇ ನಿಂತಿದ್ದನ್ನು ಆಗಲೇ ನೋಡಿದೆವು. ಇಷ್ಟಲ್ಲದೆ, ತಯಾರಕರು ನಿಗದಿಪಡಿಸಿದುದಕ್ಕೆ ವಿರುದ್ಧವಾಗಿ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ.

ಇಲ್ಲಿಯೇ ನಮ್ಮ ಮೋಟಾರು ಸೈಕಲ್ ಮಿತ್ರರಿಗೂ ಒಂದು ಮಾತು. ಬಿ.ಎಸ್.-6ರ ಮೋಟಾರು ಸೈಕಲ್ಲುಗಳ ಹೊಗೆಯ ದಾರಿಯಲ್ಲಿಯೂ ಪರಿವರ್ತಕ ಇರುತ್ತದೆ. ಊರೆಲ್ಲ ಕೇಳುವಂತೆ ಗುಡುಗಲೆಂದು ಸೈಲೆನ್ಸರನ್ನು ತೆಗೆದುಹಾಕುವ ಶೂರರು ಅನೇಕ ವೇಳೆ ಅದರೊಡನೆ ಪರಿವರ್ತಕವನ್ನೂ ಎಸೆದಿರುತ್ತಾರೆ. ಸದ್ದು ಕಾಲೇಜಿನ ಗೇಟಿನವರೆಗೆ ಮಾತ್ರ ಕೇಳುತ್ತದೆ. ಹೊಗೆ ತರಗತಿಯೊಳಗೂ ಬರುತ್ತದೆ.

ಎರಡನೆಯ ಅಡ್ಡದಾರಿ ಇನ್ನೂ ಸುಲಭವಾದುದು. ಕಾರನ್ನೇ ತಾರದೆ ಪ್ರಮಾಣಪತ್ರ ತರಿಸಿಕೊಡುವುದಾಗಿ ಒಬ್ಬರು ಹೇಳಿದರು. ಪ್ರಮಾಣಪತ್ರವಿಲ್ಲದೆ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ಪ್ರಕಾರ ಹತ್ತು ಸಾವಿರ ರೂಪಾಯಿಯವರೆಗೆ ದಂಡವಿದೆ. ಹೀಗಿರುವಾಗ ಕೆಲವು ನೂರು ರೂಪಾಯಿಯಲ್ಲಿ ಕೆಲಸವಾಗುವುದಾದರೆ ಯಾರ ಮನಸ್ಸು ತಾನೆ ಜಾರದು? ಅಣ್ಣನ ಮನಸ್ಸು ಜಾರಿತ್ತು; ನಾನೂ ಎದೆಗಾರಿಕೆಯಿಂದ ಬೇಡವೆನ್ನಲಿಲ್ಲ. ತಡೆದವರು ತಂದೆಯವರು. "ಪರೀಕ್ಷಾಕ್ಕ ಕೂಡ್ದೇ ಪಾಸಾದ್ರ ಅದು ಏನು ಪಾಸು? ಇಂವ ಹಂಗ ಪಾಸಾಗಿದ್ರ ನೀ ಫೀ ತುಂಬತಿದ್ದೇನು?" ಎಂದು ಅಣ್ಣನನ್ನು ಕೇಳಿದರು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕಲ್ಲಿನ ಧೂಳು ಕುಡಿದು ಕೆಮ್ಮುವ ಅವರಿಗೆ ಗಾಳಿಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಸಿಮೆಂಟಿನ ಚಿಮಣಿಗಳ ಊರಿನಲ್ಲಿ ಒಂದು ಕಾರಿನ ಹೊಗೆ ಎಷ್ಟರದು ಎಂಬ ಮಾತನ್ನು ನಾವೆಲ್ಲ ಆಡುತ್ತೇವೆ. ಆದರೆ ಚಿಮಣಿ ಆಕಾಶದಲ್ಲಿದೆ, ಕಾರಿನ ಕೊಳವೆ ನೆಲದಿಂದ ಒಂದು ಅಡಿಯ ಮೇಲಿದೆ. ಬಸ್ ನಿಲ್ದಾಣದಲ್ಲಿ ತಾಯಿಯ ಪಕ್ಕದಲ್ಲಿ ಕುಳಿತ ಕೂಸಿನ ಮೂಗಿಗೆ ಯಾವುದು ಹತ್ತಿರ? ಒಂದರ ದೋಷ ಇನ್ನೊಂದಕ್ಕೆ ಕ್ಷಮೆಯಾಗಲಾರದು. ಹಾಗೆಂದು ಈ ಪರೀಕ್ಷೆ ಪರಿಪೂರ್ಣವೆಂದೂ ನಾನು ಹೇಳಲಾರೆ. ಪೆಟ್ರೋಲ್ ಕಾರಿನ ಈ ತಪಾಸಣೆಯಲ್ಲಿ ಸಾರಜನಕದ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ. ಆದರೂ ಅಳೆದಷ್ಟನ್ನಾದರೂ ಪ್ರಾಮಾಣಿಕವಾಗಿ ಅಳೆಸಿಕೊಳ್ಳಬಹುದಲ್ಲ.

ಪರೀಕ್ಷೆಯ ದಿನ

ಹೊಸ ಪರಿವರ್ತಕಕ್ಕೆ ಹಣ ಬಂದುದು ಹೀಗೆ: ಸೋದರಮಾವನ ತೊಗರಿ ಮಾರಿದ ದುಡ್ಡಿನಿಂದ ಇಪ್ಪತ್ತು ಸಾವಿರ ಕೈಗಡ, ಉಳಿದದ್ದು ಅಣ್ಣನ ಉಳಿತಾಯ, ಮತ್ತು ನಾನು ಬೇಸಗೆಯಲ್ಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆದು ಗಳಿಸಿದ ನಾಲ್ಕು ಸಾವಿರ. ಒಂಬತ್ತು ದಿನ ಕಾರು ಮನೆಯ ಮುಂದೆ ನಿಂತಿತು. ಅಷ್ಟು ದಿನದ ಬಾಡಿಗೆಯೂ ಹೋಯಿತು.

ಪರೀಕ್ಷೆಯ ದಿನ ಪಾಲಿಸಬೇಕಾದ ಕೆಲವು ನಿಯಮಗಳನ್ನು ಮಿಸ್ತ್ರಿಯು ಹೇಳಿದ್ದರು. ಕಾರನ್ನು ಇಪ್ಪತ್ತು ನಿಮಿಷವಾದರೂ ಓಡಿಸಿ, ಪರಿವರ್ತಕವನ್ನು ಎಚ್ಚರಿಸಿ, ಬಿಸಿಬಿಸಿಯಾಗಿಯೇ ಕೇಂದ್ರಕ್ಕೆ ಹೋಗಬೇಕು. ಅಲ್ಲಿ ಸರದಿಯಲ್ಲಿ ಬಹಳ ಹೊತ್ತು ನಿಂತು ತಣ್ಣಗಾಗಿದ್ದರೆ, ತಪಾಸಣೆಗೆ ಮುಂಚೆ ಮತ್ತೆ ಸ್ವಲ್ಪ ಓಡಿಸಬೇಕು. ಆಯಿಲ್ ಬದಲಿಸುವ ಕಾಲ ಮೀರಿದ್ದರೆ ಮೊದಲೇ ಬದಲಿಸಬೇಕು. ಹಳೆಯ ಆಯಿಲಿನಲ್ಲಿ ಸೇರಿದ ಪೆಟ್ರೋಲು ಆವಿಯಾಗಿ ಅಂಕಿಯನ್ನು ಏರಿಸುತ್ತದೆ. ಕೋಡನ್ನು ಅಳಿಸಿ ದೀಪ ಆರಿಸಿದ ಮಾತ್ರಕ್ಕೆ ಏನೂ ಆಗದು; ತಪಾಸಣೆಯ ನಳಿಗೆ ಮೂಸುವುದು ಹೊಗೆಯನ್ನು, ದೀಪವನ್ನಲ್ಲ. ಅವಧಿ ಮುಗಿಯುವ ಕೊನೆಯ ದಿನದವರೆಗೆ ಕಾಯದೆ ಹದಿನೈದು ದಿನ ಮೊದಲೇ ಹೋದರೆ, ನಪಾಸಾದರೂ ರಿಪೇರಿಗೆ ಸಮಯ ಸಿಗುತ್ತದೆ.

ಇನ್ನೊಂದು ಎಚ್ಚರಿಕೆ ನಮ್ಮ ಕಡೆಯವರಿಗೇ ವಿಶೇಷವಾದುದು. ಸುಗ್ಗಿಯಲ್ಲಿ ರಸ್ತೆಯ ಮೇಲೆ ರಾಶಿಯ ಸೊಪ್ಪೆ, ಹೊಟ್ಟುಗಳನ್ನು ಹರಡುವ ರೂಢಿ ನಮ್ಮಲ್ಲಿದೆ. ನೂರಾರು ಡಿಗ್ರಿ ಬಿಸಿಯಿರುವ ಪರಿವರ್ತಕ ಕಾರಿನ ಹೊಟ್ಟೆಯ ಕೆಳಗಿರುತ್ತದೆ. ಒಣಗಿದ ಸೊಪ್ಪೆಯ ಮೇಲೆ ಕಾರನ್ನು ನಿಲ್ಲಿಸಿದರೆ ಬೆಂಕಿ ಹೊತ್ತಬಹುದು. ರಾಶಿಯೂ ಹೋದೀತು, ಕಾರೂ ಹೋದೀತು.

ಹತ್ತನೆಯ ದಿನ ನಾವಿಬ್ಬರೂ ಅದೇ ಕೇಂದ್ರಕ್ಕೆ ಹೋದೆವು. ಮಾನಾಕ್ಸೈಡು 0.04, ಹೈಡ್ರೋಕಾರ್ಬನ್ 28, ಲ್ಯಾಂಬ್ಡಾ 1.00. ಅಣ್ಣನು ಆ ಕಾಗದವನ್ನು ಎರಡು ಸಲ ನೋಡಿ, "ಇದು ಫಸ್ಟ್ ಕ್ಲಾಸೋ ಡಿಸ್ಟಿಂಕ್ಷನ್ನೋ?" ಎಂದು ಕೇಳಿದನು. ಡಿಸ್ಟಿಂಕ್ಷನ್ ಎಂದೆನು.

ಸಾಲ ಇನ್ನೂ ತೀರಿಲ್ಲ. ತಿಂಗಳಿಗೆ ಎರಡು ಸಾವಿರದಂತೆ ತೀರಿಸುತ್ತಿದ್ದೇವೆ. ಕಾಯಿಲಿನ ಸಾವಿರದೈನೂರು ರೂಪಾಯಿಯನ್ನು ಆ ತಿಂಗಳೇ ಖರ್ಚು ಮಾಡಿದ್ದರೆ ಈ ಸಾಲ ಬೇಕಾಗುತ್ತಿರಲಿಲ್ಲವೆಂದು ನಾನು ಹಲವು ಸಲ ಲೆಕ್ಕ ಹಾಕಿದ್ದೇನೆ. ಅಣ್ಣನು ಆ ಲೆಕ್ಕವನ್ನು ಒಮ್ಮೆಯೂ ಎತ್ತಲಿಲ್ಲ. ಆದುದರಿಂದ ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ನಮ್ಮನ್ನು ಓದಿಸುತ್ತಿರುವವರ ವಾಹನದಲ್ಲಿ ಒಮ್ಮೆ ಮುಂದಿನ ಸೀಟಿನಲ್ಲಿ ಕುಳಿತು ನೋಡಿರಿ. ಹಳದಿ ದೀಪ ಉರಿಯುತ್ತಿದ್ದರೆ ಯಾವಾಗಿನಿಂದ ಎಂದು ಕೇಳಿರಿ. ಮಿನುಗುತ್ತಿದ್ದರೆ ಅಲ್ಲಿಯೇ ನಿಲ್ಲಿಸಲು ಹೇಳಿರಿ. ಅವರು ತಾವಾಗಿ ಹೇಳಲಾರರು. ಆ ತಿಂಗಳು ನಮ್ಮ ಫೀ ಇರಬಹುದು.

ಈ ಲೇಖನದಲ್ಲಿ ಶಾಸ್ತ್ರೀಯವಾದ ತಪ್ಪುಗಳೇನಾದರೂ ನುಸುಳಿದ್ದರೆ ಗುರುಗಳು ತಿದ್ದಬೇಕೆಂದು ಕೋರುತ್ತೇನೆ.